ಅಂಚೆಯಲ್ಲಿ ಬಂದ ಹಕ್ಕಿಗಳು: ಜಫರ್ ಫತೇಹಲ್ಲಿ ಮತ್ತು ‘ನ್ಯೂಸ್‌ಲೆಟರ್’ ಪರಂಪರೆ

2013ರ ಆಗಸ್ಟ್ 11ರಂದು ಜಫರ್ ಫತೇಹಲ್ಲಿಯವರು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 93 ವರ್ಷ. ಪದ್ಮಶ್ರೀ ಬಂದಿತ್ತು, ನೆದರ್ಲೆಂಡ್ಸ್ ದೇಶದ ‘ಗೋಲ್ಡನ್ ಆರ್ಕ್’ ಗೌರವ ಬಂದಿತ್ತು, ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಉಪಾಧ್ಯಕ್ಷರಾಗಿ ದೇಶ ದೇಶ ಸುತ್ತಿದ್ದರು. ಆದರೆ ನಮ್ಮಲ್ಲಿ ಹಕ್ಕಿ ನೋಡುವ ಚಟ ಹತ್ತಿಸಿಕೊಂಡವರು ಅವರನ್ನು ನೆನೆಯುವುದು ಒಂದು ತೆಳ್ಳನೆಯ ಪತ್ರಿಕೆಯ ಮೂಲಕ. ಅದರ ಹೆಸರು ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’. ನಾಲ್ಕು ದಶಕಕ್ಕೂ ಮಿಕ್ಕಿ ಅವರು ಅದನ್ನು ಸಂಪಾದಿಸಿದರು. ಅವರು ಹೊತ್ತ ಎಲ್ಲ ಹುದ್ದೆಗಳನ್ನೂ ಒಂದು ತಕ್ಕಡಿಯಲ್ಲಿಟ್ಟು ಈ ಪತ್ರಿಕೆಯನ್ನು ಇನ್ನೊಂದರಲ್ಲಿಟ್ಟರೆ ಪತ್ರಿಕೆಯ ತೂಕವೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಈ ಸ್ಮರಣ ಸಂಚಿಕೆಗೆ ಅವರ ಜೀವನಚರಿತ್ರೆಯ ಬದಲು ಆ ಪತ್ರಿಕೆಯ ಮತ್ತು ಅದರ ಆಸರೆಯಲ್ಲಿ ಬೆಳೆದ ಬಳಗದ ಚರಿತ್ರೆಯನ್ನೇ ಬರೆಯುತ್ತಿದ್ದೇನೆ.

ಫತೇಹಲ್ಲಿಯವರು ಹುಟ್ಟಿದ್ದು 1920ರಲ್ಲಿ. ಮುಂಬಯಿಯವರು, ವೃತ್ತಿಯಿಂದ ಉದ್ಯಮಿ. ಪತ್ನಿ ಲಯೀಕ್ ಅವರು ಪಕ್ಷಿತಜ್ಞ ಸಲೀಂ ಅಲಿಯವರ ಸೋದರ ಸಂಬಂಧದ ಮಗಳು; ಸ್ವತಃ ಒಳ್ಳೆಯ ಲೇಖಕಿ, ತೋಟಗಳ ವಿಷಯದಲ್ಲಿ ಪುಸ್ತಕ ಬರೆದವರು. ಸಲೀಂ ಅಲಿಯವರ ಜೊತೆ ಸೇರಿ ನ್ಯಾಷನಲ್ ಬುಕ್ ಟ್ರಸ್ಟ್‌ಗೆ ಅವರು ಬರೆದುಕೊಟ್ಟ ‘ಕಾಮನ್ ಬರ್ಡ್ಸ್’ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಗೆ ಸಿಕ್ಕ ಮೊದಲ ಹಕ್ಕಿ ಪುಸ್ತಕ. ಹೀಗೆ ಮದುವೆಯ ನಂಟಿನಿಂದ ಜಫರ್ ಅವರಿಗೆ ದೇಶದ ದೊಡ್ಡ ಪಕ್ಷಿತಜ್ಞರ ಒಡನಾಟ ಮನೆಯೊಳಗೇ ದೊರೆಯಿತು. ಅಂಥ ಒಡನಾಟ ಸಿಕ್ಕವರು ತಾವೂ ಪಂಡಿತರಾಗಲು ಹೊರಡುವುದು ಸಹಜ. ಜಫರ್ ಆ ದಾರಿ ಹಿಡಿಯಲಿಲ್ಲ. ಹಕ್ಕಿಯ ಬಗ್ಗೆ ಆಸಕ್ತಿ ಇದೆ, ಆದರೆ ಬರೆಯಲು ಜಾಗವಿಲ್ಲ, ಕೇಳಲು ಜನವಿಲ್ಲ ಎಂಬ ಸ್ಥಿತಿಯಲ್ಲಿದ್ದ ಸಾಮಾನ್ಯರ ಕಡೆಗೆ ಅವರು ತಿರುಗಿದರು.

ಆಗಿನ ಸ್ಥಿತಿ ಹೇಗಿತ್ತೆಂದು ಇಂದಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1883ರಿಂದಲೂ ಇತ್ತು. ಅದರ ಜರ್ನಲ್ ಜಗತ್ತಿನ ವಿದ್ವಾಂಸರು ಓದುವಂಥದ್ದು. ಆದರೆ ಹುಬ್ಬಳ್ಳಿಯ ಒಬ್ಬ ಶಾಲಾ ಮಾಸ್ತರರು ತಮ್ಮ ಹಿತ್ತಲ ಕರಿಬೇವಿನ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿದ್ದನ್ನು ಎರಡು ವಾರ ನೋಡಿ ಬರೆದಿಟ್ಟರು ಎನ್ನೋಣ. ಆ ಟಿಪ್ಪಣಿಗೆ ಜರ್ನಲ್‌ನಲ್ಲಿ ಜಾಗ ಸಿಗುವುದು ಕಷ್ಟ. ದೆಹಲಿಯಲ್ಲಿ ಗಾಂಧೀಜಿಯ ಸ್ನೇಹಿತ, ಇಂಗ್ಲೆಂಡಿನ ಕ್ವೇಕರ್ ಹೊರೇಸ್ ಅಲೆಕ್ಸಾಂಡರ್ ಮುಂತಾದವರು 1950ರಲ್ಲಿ ಹಕ್ಕಿ ವೀಕ್ಷಕರ ಒಂದು ಸಂಘ ಕಟ್ಟಿಕೊಂಡಿದ್ದರು. ಅಲ್ಲೊಂದು ಇಲ್ಲೊಂದು ಬಿಟ್ಟರೆ ಉಳಿದ ಕಡೆ ಹಕ್ಕಿ ನೋಡುವವರು ಒಂಟಿ. ಪಕ್ಕದ ಜಿಲ್ಲೆಯಲ್ಲಿ ತನ್ನಂಥವನೇ ಇನ್ನೊಬ್ಬನಿದ್ದಾನೆಂದು ತಿಳಿಯುವ ದಾರಿಯೂ ಇರಲಿಲ್ಲ. ದುರ್ಬೀನು ಕೊಳ್ಳುವುದು ದುಬಾರಿ, ಸಲೀಂ ಅಲಿಯವರ 1941ರ ಪುಸ್ತಕ ಒಂದನ್ನು ಬಿಟ್ಟರೆ ಕೈಪಿಡಿಗಳೂ ವಿರಳ.

ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಜಫರ್ ಅವರು ಮುಂಬಯಿಯ ಅಂಧೇರಿಯಿಂದ ‘ನ್ಯೂಸ್‌ಲೆಟರ್’ ಹೊರಡಿಸಲು ತೊಡಗಿದರು. ಟೈಪ್‌ರೈಟರಿನಲ್ಲಿ ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಯಂತ್ರದಲ್ಲಿ ತೆಗೆದ ಹಾಳೆಗಳು, ತಿಂಗಳಿಗೊಮ್ಮೆ, ಬೆರಳೆಣಿಕೆಯ ಚಂದಾದಾರರಿಗೆ ಅಂಚೆಯಲ್ಲಿ. ಸೈಕ್ಲೋಸ್ಟೈಲ್ ಕಂಡವರಿಗೆ ಅದರ ಪಾಡು ಗೊತ್ತು: ಮೊದಲ ಪ್ರತಿಗಳಲ್ಲಿ ಶಾಯಿ ಒತ್ತಾಗಿ ಬಿದ್ದು ಅಕ್ಷರ ಕದಡುತ್ತದೆ, ಕೊನೆಯ ಪ್ರತಿಗಳಲ್ಲಿ ಮಾಸಲಾಗುತ್ತದೆ, ಸ್ಟೆನ್ಸಿಲ್ ಹರಿದರೆ ಹೊಸದಾಗಿ ಟೈಪು ಮಾಡಬೇಕು. ಹಕ್ಕಿಯ ಚಿತ್ರ ಹಾಕುವುದಂತೂ ದೂರದ ಮಾತು. ಕಪ್ಪು ಅಕ್ಷರವೇ ಬಣ್ಣವನ್ನೂ ಕೂಗನ್ನೂ ಹಾರುವ ಬಗೆಯನ್ನೂ ಹೇಳಬೇಕಿತ್ತು. ಹೀಗಾಗಿ ಬರೆಯುವವರು ನೋಡುವುದನ್ನು ಕಲಿತರು. ‘ಕಂದು ಹಕ್ಕಿ’ ಎಂದರೆ ಸಂಪಾದಕರ ಮೇಜಿನಲ್ಲಿ ನಡೆಯುವುದಿಲ್ಲ. ಯಾವ ಕಂದು, ಎದೆಯೋ ಬೆನ್ನೋ, ಹುಬ್ಬಿನ ಪಟ್ಟೆ ಇತ್ತೇ, ಬಾಲ ಕುಣಿಸುತ್ತಿತ್ತೇ ಎಂದೆಲ್ಲ ಬರೆಯಬೇಕು. ಇಂದು ಮೊಬೈಲಿನಲ್ಲಿ ಪಟ ಹೊಡೆದು ‘ಯಾವುದಿದು?’ ಎಂದು ಕೇಳುವ ಹೊಸಬರಿಗೆ ಆ ಹಳೆಯ ಸಂಚಿಕೆಗಳನ್ನು ಓದಿ ಎಂದು ನಾನು ಹೇಳುವುದು ಈ ಕಾರಣಕ್ಕೇ.

ಬರೆದವರ ಸಾಲು ನೋಡಿದರೆ ಬೆರಗಾಗುತ್ತದೆ. ಕೇರಳದಲ್ಲಿ ಇಂದುಚೂಡನ್ ಎಂಬ ಹೆಸರಿನಲ್ಲಿ ಮಲಯಾಳಿಗಳಿಗೆ ಹಕ್ಕಿ ತೋರಿಸಿಕೊಟ್ಟ ಕೆ.ಕೆ. ನೀಲಕಂಠನ್, ದೆಹಲಿಯ ಹಕ್ಕಿಗಳ ಬಗ್ಗೆ ಪುಸ್ತಕ ಬರೆದು ಅದು ಅಚ್ಚಾಗುವ ಮೊದಲೇ ತೀರಿಕೊಂಡ ಉಷಾ ಗಂಗೂಲಿ, ನಮ್ಮ ಧಾರವಾಡದ ಜೆ.ಸಿ. ಉತ್ತಂಗಿ. ಇವರ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ರೈಲ್ವೆ ನೌಕರರು, ಚಹಾ ತೋಟದ ಮ್ಯಾನೇಜರುಗಳು, ಕಾಲೇಜು ಹುಡುಗರು, ಗೃಹಿಣಿಯರು. ಸಂಪಾದಕರಾಗಿ ಜಫರ್ ಅವರ ದೊಡ್ಡ ಗುಣ ಇದೇ. ಬಾಗಿಲು ಪೂರ್ತಿ ತೆರೆದಿಟ್ಟರು. ತಪ್ಪು ಗುರುತಿಸುವಿಕೆ ಒಂದು ಸಂಚಿಕೆಯಲ್ಲಿ ಅಚ್ಚಾದರೆ ಮುಂದಿನ ಸಂಚಿಕೆಯಲ್ಲಿ ಬಲ್ಲವರ ಪತ್ರ ಬಂದು ತಿದ್ದುತ್ತಿತ್ತು. ಅದನ್ನೂ ಅವರು ಹಾಕುತ್ತಿದ್ದರು. ಬಿಗಿ ವಿಜ್ಞಾನದ ಕಣ್ಣಿನಿಂದ ನೋಡಿದವರು ಇದನ್ನು ಸಡಿಲ ಎಂದದ್ದುಂಟು. ನನಗೆ ಹಾಗೆ ಅನ್ನಿಸಿಲ್ಲ. ತಿದ್ದಿಸಿಕೊಳ್ಳುವ ಅವಕಾಶ ಇದ್ದಲ್ಲಿ ಮಾತ್ರ ಹೊಸಬ ಬರೆಯಲು ಧೈರ್ಯ ಮಾಡುತ್ತಾನೆ; ಎಷ್ಟೋ ಜನ ಮುಂದೆ ಪಕ್ಷಿವಿಜ್ಞಾನವನ್ನೇ ಕಸುಬಾಗಿ ಮಾಡಿಕೊಂಡದ್ದು ಇಲ್ಲಿ ಅಚ್ಚಾದ ಅರ್ಧ ಪುಟದ ಟಿಪ್ಪಣಿಯಿಂದ.

ಇದೇ ಅವಧಿಯಲ್ಲಿ ಅವರು ಬಾಂಬೆ ಸೊಸೈಟಿಯ ಗೌರವ ಕಾರ್ಯದರ್ಶಿಯೂ ಆಗಿದ್ದರು. ಸೊಸೈಟಿಗೆ ಹಾರ್ನ್‌ಬಿಲ್ ಹೌಸ್ ಎಂಬ ಸ್ವಂತ ನೆಲೆ ಸಿಕ್ಕಿದ್ದು, ಸಲೀಂ ಅಲಿ ಮತ್ತು ಡಿಲ್ಲನ್ ರಿಪ್ಲಿಯವರ ಹತ್ತು ಸಂಪುಟಗಳ ‘ಹ್ಯಾಂಡ್‌ಬುಕ್’ ಹೊರಬರತೊಡಗಿದ್ದು ಆ ವರ್ಷಗಳಲ್ಲಿ. ಕನ್ನಡ ಓದುಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಸೊಸೈಟಿ ಆ ಕಾಲದಲ್ಲಿ ಕೈಗೊಂಡ ಬಹು ದೊಡ್ಡ ಕೆಲಸವಾದ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಯೋಜನೆಯ ಬೇರು ನಮ್ಮ ಸೊರಬ ತಾಲ್ಲೂಕಿನಲ್ಲಿದೆ. 1957ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸೊಪ್ಪು ಸೌದೆಗೆ ಕಾಡಿಗೆ ಹೋದ ಜನ ಜ್ವರದಲ್ಲಿ ಮಲಗಿದರು. ಅದೇ ಮಂಗನ ಕಾಯಿಲೆ. ಅದರ ವೈರಾಣು ರಷ್ಯಾದ ಕಡೆಯ ಉಣ್ಣೆಜ್ವರದ ವೈರಾಣುವಿಗೆ ಹತ್ತಿರದ್ದೆಂದು ತಿಳಿದಾಗ, ಸೈಬೀರಿಯಾದಿಂದ ಬರುವ ಹಕ್ಕಿಗಳು ಮೈಯಲ್ಲಿ ಉಣ್ಣೆ ಹೊತ್ತು ತಂದಿರಬಹುದೇ ಎಂಬ ಅನುಮಾನ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಭರತಪುರವೇ ಮೊದಲಾದ ಕಡೆ ಬಲೆ ಹಾಕಿ, ಹಕ್ಕಿ ಹಿಡಿದು, ಉಣ್ಣೆ ಆರಿಸಿ, ಕಾಲಿಗೆ ಅಂಕಿಯ ಉಂಗುರ ತೊಡಿಸಿ ಬಿಡುವ ಶಿಬಿರಗಳು ನಡೆದವು. ರೋಗವನ್ನು ತಂದವು ಎಂಬ ಆರೋಪ ಹಕ್ಕಿಗಳ ಮೇಲೆ ಸಾಬೀತಾಗಲಿಲ್ಲ. ಆದರೆ ಭಾರತಕ್ಕೆ ಬರುವ ಹಕ್ಕಿಗಳು ಎಲ್ಲಿಂದ ಬರುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆಗಳು ಕೈಗೆ ಸಿಕ್ಕವು. ಹಾಗೆ ಬಲೆ ಹಾಕುವುದನ್ನು ಕಲಿತ ಯುವಕರು ಮುಂದೆ ಇಡೀ ದೇಶದ ಪಕ್ಷಿವಿಜ್ಞಾನವನ್ನು ನಡೆಸಿದರು. ಮಲೆನಾಡಿನ ಹಳ್ಳಿಯೊಂದರ ಸಂಕಟದಿಂದ ಇಷ್ಟು ದೊಡ್ಡ ವಿದ್ಯೆ ಹುಟ್ಟಿತೆಂಬುದನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ, ಹೇಳಿಕೊಡಬೇಕು.

ಹುಲಿಯ ಕಥೆಯಲ್ಲೂ ಜಫರ್ ಅವರ ಪಾತ್ರವಿದೆ. 1969ರ ಕೊನೆಯಲ್ಲಿ ನಿಸರ್ಗ ಸಂರಕ್ಷಣಾ ಒಕ್ಕೂಟದ ಮಹಾಸಭೆ ದೆಹಲಿಯಲ್ಲಿ ನಡೆಯಿತು. ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಹುಲಿ ಬೇಟೆ ನಿಲ್ಲಬೇಕೆಂಬ ಕೂಗು ಜಗತ್ತಿನ ಕಿವಿಗೆ ಬಿದ್ದದ್ದು ಅಲ್ಲಿ. ವರ್ಲ್ಡ್ ವೈಲ್ಡ್‌ಲೈಫ್ ಫಂಡ್‌ನ ಭಾರತ ಶಾಖೆ ಶುರುವಾದದ್ದೂ ಅದೇ ವರ್ಷ, ಜಫರ್ ಅದರ ಸ್ಥಾಪಕ ಟ್ರಸ್ಟಿಗಳಲ್ಲಿ ಒಬ್ಬರು. ಕರಣ್ ಸಿಂಗ್ ಅಧ್ಯಕ್ಷತೆಯ ಹುಲಿ ಕಾರ್ಯಪಡೆಯಲ್ಲೂ ಅವರಿದ್ದರು. 1972ರ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಹುಲಿಗಳು 1,827. ಮರುವರ್ಷ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಸ್ವಿಟ್ಜರ್ಲೆಂಡಿನ ಮೋರ್ಜ್ ಪಟ್ಟಣದಲ್ಲಿದ್ದ ಒಕ್ಕೂಟದ ಕಚೇರಿ, ದೆಹಲಿಯ ಮಂತ್ರಿಗಳ ಕೋಣೆ, ಮುಂಬಯಿಯ ಹಾರ್ನ್‌ಬಿಲ್ ಹೌಸ್ ಇವುಗಳ ನಡುವೆ ಓಡಾಡುತ್ತಿದ್ದ ಮನುಷ್ಯ ತಿಂಗಳು ತಿಂಗಳೂ ಯಾರದೋ ಊರಿನ ಟುವ್ವಿಹಕ್ಕಿಯ ಗೂಡಿನ ಟಿಪ್ಪಣಿಯನ್ನು ತಿದ್ದಿ ಟೈಪಿಗೆ ಕೊಡುತ್ತಿದ್ದರು ಎಂಬುದು ನನ್ನನ್ನು ಇವತ್ತಿಗೂ ತಟ್ಟುತ್ತದೆ. ಅವರ ಸಂಪಾದಕೀಯಗಳಲ್ಲಿ ದೂರದ ಸಭೆಯ ನಿರ್ಣಯಕ್ಕೂ ಓದುಗರು ಬರೆದ ಹಿತ್ತಲ ಸುದ್ದಿಗೂ ಒಂದೇ ಪಂಕ್ತಿ.

ಎಪ್ಪತ್ತರ ದಶಕದಲ್ಲಿ ಫತೇಹಲ್ಲಿ ದಂಪತಿ ಮುಂಬಯಿ ಬಿಟ್ಟು ಬೆಂಗಳೂರಿನ ಈಶಾನ್ಯಕ್ಕಿರುವ ದೊಡ್ಡಗುಬ್ಬಿಗೆ ಬಂದು ನೆಲೆಸಿದರು. ಪತ್ರಿಕೆಯೂ ಅವರ ಜೊತೆ ಬಂತು. ಅಲ್ಲಿಂದ ಮುಂದೆ ದೇಶದ ಮೂಲೆ ಮೂಲೆಯ ಹಕ್ಕಿ ಸುದ್ದಿ ಬಿದರಹಳ್ಳಿ ಹೋಬಳಿಯ ಒಂದು ಹಳ್ಳಿಯ ಅಂಚೆಗೆ ಬಂದು ಬೀಳತೊಡಗಿತು. ಆಗಿನ ದೊಡ್ಡಗುಬ್ಬಿ ಎಂದರೆ ರಾಗಿ ಹೊಲ, ಹುಣಸೆ ಮರ, ದೊಡ್ಡ ಕೆರೆ. ಕೆರೆಯಲ್ಲಿ ನಾಮಗೋಳಿ, ಗುಳುಮುಳುಕ, ಚಳಿಗಾಲದಲ್ಲಿ ಉತ್ತರದಿಂದ ಬಂದ ಬಾತುಗಳು, ಏರಿಯ ಮೇಲೆ ಟಿಟ್ಟಿಭ. ಬೆಂಗಳೂರಿನ ಕೆರೆಗಳ ಮೇಲೆ ನಗರ ಕಾಲಿಡುತ್ತಿದ್ದುದನ್ನು ಅವರು ಅಲ್ಲಿ ಕೂತು ಕಣ್ಣಾರೆ ಕಂಡರು, ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರೆದರು, ಬೇರೆಯವರಿಂದಲೂ ಬರೆಸಿದರು.

ಅದೇ ದಶಕದ ಮೊದಲಲ್ಲಿ ಬೆಂಗಳೂರಿಗೆ ಇನ್ನೊಬ್ಬರು ಬಂದಿದ್ದರು, ಡಾ. ಜೋಸೆಫ್ ಜಾರ್ಜ್. ಮರದ ವಿಜ್ಞಾನಿ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಅಲ್ಲಿನ ನ್ಯೂ ಫಾರೆಸ್ಟ್ ಆವರಣದ ಹಕ್ಕಿಗಳನ್ನು ವರ್ಷಗಟ್ಟಲೆ ನೋಡಿ ಪಟ್ಟಿ ಮಾಡಿದವರು. ‘ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಆಫ್ ಬ್ಯಾಂಗಲೋರ್’ ಅವರು ಕಟ್ಟಿದ್ದು. ಇವರಿಬ್ಬರ ಸ್ವಭಾವ ಬೇರೆ ಬೇರೆ. ಜಾರ್ಜ್ ಅವರದು ಪಟ್ಟಿಯ ಮನಸ್ಸು, ದಿನಾಂಕ, ಸ್ಥಳ, ಸಂಖ್ಯೆ ಇಲ್ಲದ ಮಾತನ್ನು ಅವರು ದಾಖಲೆಯೆಂದು ಒಪ್ಪುವವರಲ್ಲ. ಫತೇಹಲ್ಲಿಯವರದು ಪತ್ರದ ಮನಸ್ಸು, ಯಾರೇ ಏನೇ ಕಂಡರೂ ಮೊದಲು ಬರೆದು ಕಳಿಸಲಿ ಎನ್ನುವವರು. ಬೆಂಗಳೂರಿನ ಹಕ್ಕಿ ವೀಕ್ಷಣೆಗೆ ಈ ಎರಡೂ ಒಂದೇ ಕಾಲಕ್ಕೆ ಒದಗಿದ್ದು ನಮ್ಮ ಭಾಗ್ಯ. ಒಂದರಿಂದ ಶಿಸ್ತು ಬಂತು, ಇನ್ನೊಂದರಿಂದ ಧಾರಾಳತನ.

ಆ ಬಳಗದ ನಡೆಯನ್ನು ಹತ್ತಿರದಿಂದ ನೋಡಬೇಕಾದರೆ ಲಾಲ್‌ಬಾಗಿಗೆ ಬರಬೇಕು. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಗಾಜಿನ ಮನೆಯ ಬಳಿ ಸೇರುವ ಪದ್ಧತಿ ದಶಕಗಳಿಂದ ನಡೆದು ಬಂದಿದೆ. ಚಂದಾ ಇಲ್ಲ, ನೋಂದಣಿ ಇಲ್ಲ. ಬಂದವರು ಸೇರಿ ನಡೆಯುತ್ತಾರೆ. ಹಳಬರೊಬ್ಬರು ಅತ್ತಿಮರದ ಕೆಳಗೆ ನಿಂತು ಕೈ ಎತ್ತಿದರೆ ಮಾತು ನಿಲ್ಲುತ್ತದೆ. ಮೇಲೆ ಎಲ್ಲೋ ಕುಟ್ರು ಹಕ್ಕಿ ಕುಟ್‌ರೂ ಕುಟ್‌ರೂ ಎನ್ನುತ್ತಿರುತ್ತದೆ, ಎಲೆಯ ಹಸಿರಿನಲ್ಲಿ ಹಕ್ಕಿಯ ಹಸಿರು ಬೇರೆಯಾಗಿ ಕಾಣುವುದಿಲ್ಲ. ಕಾಣುವವರೆಗೆ ಯಾರೂ ಕದಲುವುದಿಲ್ಲ. ಮುಂದೆ ಹಳೆಯ ಮರದ ಪೊಟರೆಯಲ್ಲಿ ಹಾಲಕ್ಕಿ ಜೋಡಿ, ಕೆರೆಯ ದಂಡೆಯಲ್ಲಿ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೋಟ, ಬಂಡೆಯ ಮೇಲೆ ಗಿರಕಿ ಹೊಡೆಯುವ ಹದ್ದುಗಳು. ನಡಿಗೆ ಮುಗಿದ ಮೇಲೆ ಎಲ್ಲರೂ ಕೂತು ಕಂಡದ್ದನ್ನು ಒಂದೊಂದಾಗಿ ಹೇಳುವುದು, ಒಬ್ಬರು ಬರೆದುಕೊಳ್ಳುವುದು. ನನ್ನ ಮಟ್ಟಿಗೆ ಆ ಕೂತು ಬರೆಯುವ ಹೊತ್ತೇ ಈ ಸಂಪ್ರದಾಯದ ಜೀವ. ಹುಡುಗಿಯೊಬ್ಬಳು ‘ಬಾಲ ಮೇಲೆ ಕೆಳಗೆ ಆಡಿಸ್ತಿತ್ತು ಸಾರ್, ಹೊಟ್ಟೆ ಹಳದಿ’ ಎಂದರೆ ಹಳಬರು ಹೆಸರು ಹೇಳಿಬಿಡುವುದಿಲ್ಲ, ‘ಬೆನ್ನು ಯಾವ ಬಣ್ಣ ಇತ್ತಮ್ಮಾ?’ ಎಂದು ಕೇಳುತ್ತಾರೆ. ಉತ್ತರ ಅವಳ ಬಾಯಿಂದಲೇ ಬರಬೇಕು.

ಇಂಥ ನಡಿಗೆಗಳು, ಕೆರೆ ಗಣತಿಗಳು, ಒಬ್ಬೊಬ್ಬರ ಖಾಸಗಿ ನೋಟ್‌ಬುಕ್ಕುಗಳು ಒಟ್ಟಾಗಿ 1994ರಲ್ಲಿ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿ ಸಹಿತ ಪಟ್ಟಿ ಅಚ್ಚಾಯಿತು. ಜೋಸೆಫ್ ಜಾರ್ಜ್ ಅದರ ಸಂಪಾದಕರು, ಕ್ಲಬ್ಬೇ ಪ್ರಕಾಶಕರು. ಸರ್ಕಾರದ ಹಣವಾಗಲಿ ವಿಶ್ವವಿದ್ಯಾಲಯದ ಯೋಜನೆಯಾಗಲಿ ಇಲ್ಲದೆ ಒಂದು ನಗರದ ಹವ್ಯಾಸಿಗಳು ತಮ್ಮ ಊರಿನ ಹಕ್ಕಿಗಳ ಲೆಕ್ಕವನ್ನು ತಾವೇ ಇಟ್ಟರು. ಇಂದು ಯಾವುದಾದರೂ ಕೆರೆ ಉಳಿಸುವ ವಾದ ಮಂಡಿಸಬೇಕಾದಾಗ ‘ಇಲ್ಲಿ ಮೊದಲು ಏನಿತ್ತು’ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಂಥ ಪಟ್ಟಿಗಳಲ್ಲಿ, ‘ನ್ಯೂಸ್‌ಲೆಟರ್’ನ ಹಳೆಯ ಪುಟಗಳಲ್ಲಿ.

ಪತ್ರಿಕೆಯ ಮುಂದಿನ ಬದುಕು ಬೆಂಗಳೂರಿನದೇ. ಸೈಕ್ಲೋಸ್ಟೈಲ್ ಕಾಲ ಮುಗಿದು ಅಚ್ಚುಕೂಟ ಬಂತು, ತಿಂಗಳಿಗೊಮ್ಮೆ ಇದ್ದದ್ದು ಎರಡು ತಿಂಗಳಿಗೊಮ್ಮೆ ಆಯಿತು, ಮುಖಪುಟದಲ್ಲಿ ಬಣ್ಣದ ಹಕ್ಕಿ ಬಂದು ಕೂತಿತು. ಶೇಷಾದ್ರಿಪುರದ ನವಭಾರತ್ ಎಂಟರ್‌ಪ್ರೈಸಸ್‌ನ ಎಸ್. ಶ್ರೀಧರ್ ಅವರು ಪ್ರಕಟಣೆಯ ಹೊಣೆ ಹೊತ್ತರು. ಛಾಯಾಗ್ರಾಹಕರಾಗಿದ್ದ ಅವರ ಕೈ ಸೋಕಿ ಪತ್ರಿಕೆಗೆ ಚೆಲುವು ಬಂತು. ಚಂದಾ ಹಣದಿಂದ ಇಂಥ ಪತ್ರಿಕೆ ನಡೆಸುವುದು ನಷ್ಟದ ಬಾಬತ್ತು. ಅದನ್ನು ಗೊತ್ತಿದ್ದೇ ಹೊತ್ತವರಿಗೆ ಬಳಗದ ಋಣ ಸಲ್ಲಬೇಕು. 2003ರವರೆಗೂ ಫತೇಹಲ್ಲಿಯವರ ಹೆಸರೇ ಸಂಪಾದಕರ ಜಾಗದಲ್ಲಿತ್ತು. ಆಗ ಅವರು ಎಂಬತ್ತು ದಾಟಿದ್ದರು.

ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. ಮೂರು ದಶಕ ಕನ್ನಡದ ನೆಲದಿಂದಲೇ ಹೊರಟ ಈ ಪತ್ರಿಕೆಯ ಭಾಷೆ ಇಂಗ್ಲಿಷ್. ದೇಶಕ್ಕೆಲ್ಲ ಒಂದೇ ಪತ್ರಿಕೆ ಇದ್ದಾಗ ಅದು ಅನಿವಾರ್ಯವೂ ಹೌದು. ಆದರೆ ಹಕ್ಕಿಯನ್ನು ದಿನ ಬೆಳಗಾದರೆ ನೋಡುವ ರೈತ, ಮೀನುಗಾರ, ಅರಣ್ಯ ಇಲಾಖೆಯ ವಾಚರ್, ಇವರ ನೋಟ ಅದರೊಳಗೆ ಬರಲಿಲ್ಲ. ಕೊಕ್ಕರೆ ಬೆಳ್ಳೂರಿನ ಹೆಂಗಸರಿಗೆ ತಮ್ಮ ಮನೆ ಮುಂದಿನ ಹುಣಸೆಯಲ್ಲಿ ಹೆಜ್ಜಾರ್ಲೆ ಯಾವಾಗ ಬರುತ್ತದೆ, ಮರಿ ಯಾವಾಗ ಬೀಳುತ್ತದೆ ಎಂಬುದು ಯಾವ ವಿಜ್ಞಾನಿಗಿಂತ ಚೆನ್ನಾಗಿ ಗೊತ್ತು. ಅವರು ಬರೆಯುವ ಜಾಗ ಎಲ್ಲಿತ್ತು? ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಬಂದ ಮೇಲೆ ಹಳ್ಳಿ ಶಾಲೆಗಳ ಹುಡುಗರೂ ಹಕ್ಕಿ ಗುರುತಿಸತೊಡಗಿದರು. ಆ ಹುಡುಗರ ಪತ್ರಗಳಿಗೆ ಕನ್ನಡದಲ್ಲೊಂದು ‘ನ್ಯೂಸ್‌ಲೆಟರ್’ ಇದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಈ ಕೆಲಸವನ್ನು ಫತೇಹಲ್ಲಿಯವರು ಮಾಡಬೇಕಿತ್ತು ಎನ್ನುವುದು ನ್ಯಾಯವಲ್ಲ. ಅದು ನಮ್ಮ ಕೆಲಸ. ನಾವು ಮಾಡಲಿಲ್ಲ.

ಕೊನೆಯ ವರ್ಷಗಳಲ್ಲಿ ಅವರು ಕೋರಮಂಗಲದಲ್ಲಿದ್ದರು. ಕೆರೆ, ಹೊಲ ದೂರವಾದವು, ಆದರೆ ನಗರದ ಮರಗಳಲ್ಲೂ ಹಕ್ಕಿಗಳಿವೆ. ಶಾಂತಿ ಮತ್ತು ಆಶಿಷ್ ಚಂದೋಲಾ ಎಂಬವರು ಫತೇಹಲ್ಲಿಯವರ ಬಾಯಿಂದಲೇ ಕೇಳಿ ಅವರ ಆತ್ಮಕಥನವನ್ನು ಬರೆದುಕೊಂಡರು. ಅದು ಅವರು ಹೋದ ಮೇಲೆ 2014ರಲ್ಲಿ ‘ದ ಸಾಂಗ್ ಆಫ್ ದ ಮ್ಯಾಗ್‌ಪೈ ರಾಬಿನ್’ ಎಂಬ ಹೆಸರಿನಲ್ಲಿ ಹೊರಬಂತು. ಹುಲಿ, ಆನೆಗಳ ರಾಜಕಾರಣ ಕಂಡವರು ಪುಸ್ತಕದ ಹೆಸರಿಗೆ ಆರಿಸಿಕೊಂಡದ್ದು ಕಪ್ಪು ಬಿಳುಪಿನ ಮಡಿವಾಳ ಹಕ್ಕಿಯನ್ನು. ಬೇಸಿಗೆಯ ನಸುಕಿನಲ್ಲಿ ಬಸವನಗುಡಿಯಲ್ಲೂ ಮಲ್ಲೇಶ್ವರದಲ್ಲೂ ಯಾರದಾದರೂ ಮನೆಯ ಆಂಟೆನಾ ಮೇಲೆ ಕೂತು ಹಾಡುವ ಹಕ್ಕಿ ಅದು.

ಇವತ್ತು ಹಕ್ಕಿ ಕಂಡ ಕೂಡಲೇ ಫೋನಿನಲ್ಲೇ ಈ-ಬರ್ಡ್ ಜಾಲತಾಣಕ್ಕೆ ಪಟ್ಟಿ ಸೇರಿಸುತ್ತೇವೆ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಯ ಹಕ್ಕಿಗಳ ಸ್ಥಿತಿಗತಿ ಹೇಳುತ್ತದೆ. ಅದರ ಆಧಾರ 30,000ಕ್ಕೂ ಹೆಚ್ಚು ವೀಕ್ಷಕರು ಕೊಟ್ಟ ಸುಮಾರು 3 ಕೋಟಿ ದಾಖಲೆಗಳು. ಸಾಮಾನ್ಯರು ಕಂಡದ್ದು ದೇಶದ ಲೆಕ್ಕಕ್ಕೆ ಸೇರುತ್ತದೆ ಎಂಬ ನಂಬಿಕೆ ಈ ನಾಡಿನಲ್ಲಿ ಬೇರೂರಿದ್ದು ಸೈಕ್ಲೋಸ್ಟೈಲ್ ಹಾಳೆಗಳಿಂದ. ಆದರೆ ಸಂಖ್ಯೆ ಹೆಚ್ಚಿದಂತೆ ಟಿಪ್ಪಣಿ ಸೊರಗುತ್ತಿದೆ. ‘ಗೀಜಗ, 12’ ಎಂದು ಒತ್ತಿ ಮುಂದೆ ಹೋಗುತ್ತೇವೆ. ಗೂಡು ಯಾವ ಮರದಲ್ಲಿತ್ತು, ಗಂಡು ಎಷ್ಟು ಕಟ್ಟಿ ಎಷ್ಟು ಬಿಟ್ಟಿತು ಎಂದು ಬರೆಯುವವರು ಕಡಿಮೆಯಾಗಿದ್ದಾರೆ. ಫತೇಹಲ್ಲಿಯವರು ಕೇಳುತ್ತಿದ್ದುದು ಆ ಎರಡನೆಯದನ್ನು.

‘ನ್ಯೂಸ್‌ಲೆಟರ್’ನ ಹಳೆಯ ಸಂಚಿಕೆಗಳು ಈಗ ಅಂತರ್ಜಾಲದ ಗ್ರಂಥಭಂಡಾರದಲ್ಲಿ ಓದಲು ಸಿಗುತ್ತವೆ. ಅದಕ್ಕೆ ಬರೆದವರ ಸ್ವಂತ ನೋಟ್‌ಬುಕ್ಕುಗಳು ಮಾತ್ರ ಹಾಗೆ ಸುರಕ್ಷಿತವಾಗಿಲ್ಲ. ಅವು ಮನೆಗಳ ಅಟ್ಟದ ಮೇಲೆ, ಟ್ರಂಕುಗಳಲ್ಲಿ ಇವೆ. ಹಿರಿಯರು ಹೋದ ಮೇಲೆ ಹಳೆಯ ಪೇಪರಿನ ಜೊತೆ ತೂಕಕ್ಕೆ ಹೋಗುತ್ತಿವೆ. ಈ ಸಂಚಿಕೆಯನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ತಂದೆಯದೋ ಅಜ್ಜಿಯದೋ ಗುರುಗಳದೋ ಅಂಥ ಒಂದು ಪುಸ್ತಕವಿದ್ದರೆ, ಅದರಲ್ಲಿ ದಿನಾಂಕ, ಊರು ಮತ್ತು ಹಕ್ಕಿಯ ಹೆಸರು ಇಷ್ಟೇ ಇದ್ದರೂ ಸರಿ, ಕನ್ನಡದಲ್ಲಿದ್ದರಂತೂ ಇನ್ನೂ ಸರಿ, ದಯವಿಟ್ಟು ರದ್ದಿಗೆ ಹಾಕಬೇಡಿ. ಎರಡನೇ ಭಾನುವಾರ ಲಾಲ್‌ಬಾಗಿಗೆ ತನ್ನಿ. ಪುಟ ಪುಟವೂ ಪ್ರತಿ ಮಾಡಿಸಿ ಮೂಲವನ್ನು ನಿಮಗೇ ಮರಳಿಸುತ್ತೇವೆ.